ಬಟ್ಟಲಿಗೆ ಹಿಡಿದ ಅರಸಿನ

ನನಗೆ ನನ್ನ ಅಕ್ಕನ ಮೇಲೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದಕ್ಕಿಂತ ಮೊದಲೇ ಹೇಳಿಬಿಡುತ್ತೇನೆ. ಅಕ್ಕತಂಗಿಯರ ನಡುವೆ ಅಮ್ಮನ ಬಳೆ, ರೇಷ್ಮೆ ಸೀರೆ, ಜಾಗದ ಪಾಲು ಅಂತ ಹೊಟ್ಟೆಕಿಚ್ಚು ಹುಟ್ಟುವುದು ಲೋಕರೂಢಿ. ನನ್ನದು ಎದ್ದು ಉರಿದದ್ದು ಒಂದು ಹಾವು ನೀರು ಕುಡಿಯುವ ಬಟ್ಟಲಿನ ವಿಷಯಕ್ಕೆ. ನಗುವವರು ನಗಲಿ.

ಹಾವು ನನ್ನ ಮಗಳದ್ದು. ಅವಳು ಪ್ರಾಣಿಗಳ ಆಸ್ಪತ್ರೆಯ ನರ್ಸಿಂಗ್ ಕಲಿಯಲಿಕ್ಕೆ ಸಿಡ್ನಿಯ ನಮ್ಮ ಮನೆಯಿಂದ ಮೆಲ್ಬರ್ನ್‌ಗೆ ಹೋದವಳು. ಅಲ್ಲಿ ವೆರಿಬೀಯಲ್ಲಿ ನನ್ನ ಅಕ್ಕನ ಮನೆ ಇದೆ, ಭಾವ ಇದ್ದಾರೆ, ಒಂದು ಖಾಲಿ ರೂಮಿದೆ. ಹೊರಗಡೆ ರೆಂಟ್ ಕೊಟ್ಟು ಯಾಕಿರಬೇಕು ಅಂತ ಅಲ್ಲಿಗೆ ಕಳಿಸಿದ್ದು ನಾನೇ. ಮೊದಲ ವರ್ಷ ಮುಗಿಯುವ ಹೊತ್ತಿಗೆ ಯಾರೋ ಸಾಕಲಾಗದೆ ಕ್ಲಿನಿಕ್ಕಿಗೆ ತಂದು ಬಿಟ್ಟ ಒಂದು ಪೈಥಾನ್ ಮರಿಯನ್ನು ಇವಳು ಲೈಸೆನ್ಸ್ ಮಾಡಿಸಿ ಮನೆಗೆ ತಂದಳು. ವಿಷವಿಲ್ಲದ್ದು, ಒಂದು ಮಾರಿಗಿಂತ ಕಡಿಮೆ ಉದ್ದ, ಮೈಮೇಲೆ ಕಂದು ಮಚ್ಚೆ. ದೊಡ್ಡಮ್ಮನನ್ನು ಕೇಳಿ ತಂದಳು. ನನಗೆ ಗೊತ್ತಾದದ್ದು ಮೂರು ವಾರದ ಮೇಲೆ, ಮೊಬೈಲಿಗೆ ಬಂದ ಒಂದು ಫೋಟೋದಿಂದ.

ನಮ್ಮದು ಉಡುಪಿ ಕಡೆಯ ಮನೆತನ. ಮನೆಯಲ್ಲಿ ತುಳು, ಕನ್ನಡ ಎರಡನ್ನೂ ಕಲಸಿ ಆಡುವವರು. ನಮ್ಮಲ್ಲಿ ಹಾವು ಅಂದರೆ ಅದು ಪ್ರಾಣಿಯಲ್ಲ, ನಾಗ. ನಾಗನಿಗೆ ಬನ ಇರುತ್ತದೆ, ಕಲ್ಲು ಇರುತ್ತದೆ. ಪಂಚಮಿಯ ದಿನ ಆ ಕಲ್ಲಿಗೆ ಹಾಲು, ಸೀಯಾಳ ಎರೆಯುತ್ತೇವೆ. ಅದಕ್ಕೆ ತನು ಅನ್ನುತ್ತೇವೆ. ಅಂಥವರ ಮನೆಯಲ್ಲಿ ಹಾವು ಗಾಜಿನ ಪೆಟ್ಟಿಗೆಯೊಳಗೆ, ಬಲ್ಬಿನ ಕೆಳಗೆ! ಅಕ್ಕ ಬೈದು ಹೊರಗೆ ಹಾಕಿಸುತ್ತಾಳೆ ಅಂತ ನಾನು ನಂಬಿಕೊಂಡಿದ್ದೆ. ಸತ್ಯ ಹೇಳಬೇಕೆಂದರೆ, ಹಾಗೆ ಬೈದು ಮಗಳ ಕಣ್ಣಿನಲ್ಲಿ ಕೆಟ್ಟವಳಾಗಲಿ ಅಂತ ಕಾದಿದ್ದೆ.

ಅಕ್ಕ ಬೈಯಲಿಲ್ಲ. ಭಾವನೇ ಅವಳನ್ನು ಛೇಡಿಸಿದರಂತೆ, "ಇದು ಹೆಬ್ಬಾವಿನ ಜಾತಿ ಮಾರಾಯ್ತಿ, ಹೆಡೆ ಎಲ್ಲುಂಟು ಇದಕ್ಕೆ? ನೀನು ಯಾಕೆ ಅಷ್ಟು ಭಕ್ತಿ ಮಾಡುದು?" ಅಂತ. ಅದಕ್ಕೆ ಅಕ್ಕ, "ಹೆಡೆ ಇಲ್ಲದಿದ್ರೆ ಎಂತಾಯ್ತು, ಬಾಯಾರಿಕೆ ಉಂಟಲ್ಲ" ಅಂದಳಂತೆ. ಆವತ್ತಿನಿಂದ ಹಾವಿನ ನೀರು ಅಕ್ಕನ ಪಾಲಿಗೆ ಬಂತು.

ಮಗಳು ಫ್ರಿಜ್ಜಿನ ಬಾಗಿಲಿಗೆ ನಿಯಮ ಬರೆದು ಅಂಟಿಸಿದ್ದಳು. ನೀರು ದಿನಾ ಬದಲಾಯಿಸಬೇಕು. ಬರೀ ಮೇಲಿಂದ ತುಂಬಿಸುವುದಲ್ಲ, ಬಟ್ಟಲಿನ ಒಳಗೆ ಲೋಳೆ ಕಟ್ಟುತ್ತದೆ, ತಿಕ್ಕಬೇಕು. ಹಾವು ನೀರಿನಲ್ಲಿ ಹೇತರೆ ಆಗಲೇ ತೆಗೆದು, ಕ್ಲಿನಿಕ್ಕಿನಿಂದ ತಂದ ಔಷಧಿ ಹಾಕಿ ಹತ್ತು ನಿಮಿಷ ಬಿಟ್ಟು, ವಾಸನೆ ಹೋಗುವ ತನಕ ತೊಳೆಯಬೇಕು. ಅಡಿಗೆಮನೆಯ ಸಿಂಕಿನಲ್ಲಿ ತೊಳೆಯಬಾರದು. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಇದಿಷ್ಟು ಮಗಳದ್ದು. ಅಕ್ಕ ತನ್ನದೊಂದನ್ನು ಸೇರಿಸಿದಳು: ಮೀಯದೆ ಆ ಬಟ್ಟಲು ಮುಟ್ಟುವುದಿಲ್ಲ. ಬೆಳಿಗ್ಗೆ ಎದ್ದು, ಮಿಂದು, ಒದ್ದೆ ತಲೆಗೆ ಬೈರಾಸು ಕಟ್ಟಿಕೊಂಡು, ಕಾಫಿಗಿಂತ ಮೊದಲು ಹಾವಿನ ನೀರು. ಕ್ಲೋರಿನ್ ವಾಸನೆ ಹೋಗಲಿ ಅಂತ ನೀರನ್ನು ಹಿಂದಿನ ಸಂಜೆಯೇ ಹಿಡಿದು ತೆರೆದಿಡುವುದು ಬೇರೆ. ಮನೆಯಲ್ಲಿ ಭಾವನಿಗೆ ಸಿಗದ ಮರ್ಯಾದೆ ಅದಕ್ಕಿತ್ತು.

ಒಂದು ಭಾನುವಾರ ಫೋನಿನಲ್ಲಿ ಮಗಳು ಅಂದಳು, "ಅಮ್ಮಾ, ದೊಡ್ಡಮ್ಮ ಇಡುವ ವಾಟರ್ ನಮ್ಮ ಕ್ಲಿನಿಕ್‌ಗಿಂತ ಕ್ಲೀನ್ ಗೊತ್ತುಂಟಾ?"

ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಮಾಡುವ ಕೆಲಸ ಏನು ಹೇಳಿ? ವೆಸ್ಟ್‌ಮೀಡ್‌ನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ನಿನ ಕತ್ತರಿ, ಚಿಮಟಗಳನ್ನು ತೊಳೆದು, ಬೇಯಿಸಿ, ಪ್ಯಾಕ್ ಮಾಡಿ ಕೊಡುವುದು. ಹದಿಮೂರು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ನನ್ನ ಕೈ ದಾಟದೆ ಅಲ್ಲಿ ಒಂದು ಸೂಜಿ ಒಳಗೆ ಹೋಗುವುದಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಒಂದು ದಿನವೂ 'ಅಮ್ಮನ ಕೈ ಕ್ಲೀನ್' ಅಂದವಳಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಇನ್ನೂ ಉರಿಯುವ ಸಂಗತಿ ಬೇರೆ ಇತ್ತು. ನನ್ನ ಹತ್ತಿರ ಅವಳದ್ದು 'ಯಾ', 'ಓಕೆ', 'ಫೈನ್'. ನಾನು ಕನ್ನಡದಲ್ಲಿ ಉದ್ದಕ್ಕೆ ಕೇಳಿದರೆ ಇಂಗ್ಲಿಷಿನಲ್ಲಿ ತುಂಡು ಉತ್ತರ. ಹಾವಿನ ಮಾತು ಬಂದರೆ ಮಾತ್ರ ಎರಡು ಕನ್ನಡ ಶಬ್ದ ಹೊರಗೆ ಬರುತ್ತಿದ್ದವು. ಆದರೆ ದೊಡ್ಡಮ್ಮನ ಹತ್ತಿರ ಇಡೀ ದಿನ ವಟವಟ, ಅದೂ ನಮ್ಮ ಮಾತಿನಲ್ಲೇ. ಫೋನಿನ ಹಿಂದಿನಿಂದ ಅದು ಕೇಳಿಸುತ್ತಿತ್ತು. ಫೋನಿಟ್ಟ ಮೇಲೆ ಗಂಡನ ಮೇಲೆ ಹರಿಹಾಯುತ್ತಿದ್ದೆ. ಅವರು ಪಾಪ, ಟಿವಿಯ ಸೌಂಡು ಕಡಿಮೆ ಮಾಡಿ ಕೂರುತ್ತಿದ್ದರು.

ಅವಳ ಕೋರ್ಸು ಆ ವರ್ಷದ ಕೊನೆಗೆ ಮುಗಿಯುವುದಿತ್ತು. ಎರಡು ಕಡೆ ಕೆಲಸ ಸಿಕ್ಕಿತ್ತು. ಒಂದು ವೆರಿಬೀಯಲ್ಲಿ, ಇನ್ನೊಂದು ರೌಸ್ ಹಿಲ್‌ನಲ್ಲಿ, ನಮ್ಮ ಮನೆಯಿಂದ ಐದು ನಿಮಿಷ. ಆಗಸ್ಟ್ ಮುಗಿಯುವುದರೊಳಗೆ ಯಾವುದಾದರೂ ಒಂದಕ್ಕೆ ಹ್ಞೂಂ ಅನ್ನಬೇಕಿತ್ತು. ನನಗೆ ಅವಳು ಮನೆಗೆ ಬರಬೇಕು, ಅಷ್ಟೇ. ಅವಳ ರೂಮಿನ ಪರದೆ ಒಗೆದು ಇಸ್ತ್ರಿ ಮಾಡಿ ಹಾಕಿಯಾಗಿತ್ತು.

ಆಗಸ್ಟಿನ ಮೊದಲಿಗೆ ಅಕ್ಕ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿದರು, ನೀರು ತಾಗಿಸಬಾರದು ಅಂದರು. ನಾನು ಎರಡು ವಾರ ರಜೆ ಹಾಕಿ ಹೊರಟೆ. ಒಡಹುಟ್ಟಿದವಳಿಗೆ ಅಡಿಗೆ ಮಾಡಿ ಹಾಕಲಿಕ್ಕೆ ಅಂತ ಎಲ್ಲರಿಗೂ ಹೇಳಿದೆ. ಮನಸ್ಸಿನಲ್ಲಿ ಇದ್ದದ್ದು ಆ ಬಟ್ಟಲು.

ಹೋದ ದಿನವೇ ಮಗಳ ರೂಮಿಗೆ ಹೋಗಿ ಬಟ್ಟಲಿನ ಒಳಗೆ ಬೆರಳಾಡಿಸಿ ನೋಡಿದೆ. ಎಲ್ಲಾದರೂ ಒಂದಿಷ್ಟು ಲೋಳೆ ಸಿಗಲಿ ದೇವರೇ ಅಂತ ಹಾರೈಸಿಕೊಂಡೇ ನೋಡಿದೆ. ಕಲ್ಲಿನ ಹಾಗೆ ಭಾರ ಇರುವ ಬಿಳಿ ಪ್ಲಾಸ್ಟಿಕ್ ಬಟ್ಟಲು. ಕೈಗೆ ಏನೂ ಹತ್ತಲಿಲ್ಲ. ಅಕ್ಕ ಪ್ಲಾಸ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಎಡಗೈಯಲ್ಲಿ ತಿಕ್ಕಿಟ್ಟಿದ್ದಳು. ಥೂ, ಇವಳದ್ದೊಂದು!

ಮರುದಿನದಿಂದ ನೀರು ನನ್ನ ಕೈಗೆ ಬಂತು. ಅಕ್ಕ ಹಿಂದೆಯೇ ಬಂದು ನಿಂತಳು. "ಮಿಂದಿದ್ದಿಯಲ್ಲ? ಅರ್ಧಕ್ಕಿಂತ ಮೇಲೆ ತುಂಬಿಸ್ಬೇಡ ಆಯ್ತಾ, ಅವನು ಒಳಗೆ ಕೂತ್ರೆ ಚೆಲ್ತದೆ" ಅಂದಳು. ಎರಡನೇ ದಿನವೂ ಅದೇ. ಮೂರನೇ ದಿನ ನಾನು ಬ್ರಷ್ಷು ಕೆಳಗಿಟ್ಟು ಹೇಳಿಯೇ ಬಿಟ್ಟೆ, "ಆಪರೇಷನ್ ಕತ್ತರಿ ತೊಳೆಯುವವಳಿಗೆ ನೀನು ತೊಳಿಲಿಕ್ಕೆ ಕಲಿಸುದಾ? ನಾಳೆಯಿಂದ ಈ ರೂಮಿಗೆ ಬರ್ಬೇಡ."

ಅಕ್ಕ ಅಡಿಗೆಮನೆಗೆ ಹೋದಳು. ಮತ್ತೆ ಆ ರೂಮಿಗೆ ಬರಲೂ ಇಲ್ಲ. ಅವಳ ಸ್ವಭಾವವೇ ಅದು, ಬಾಯಿಗೆ ಬಾಯಿ ಕೊಡುವುದಿಲ್ಲ. ಹಾಗಾಗಿಯೇ ಎಲ್ಲರಿಗೂ ಅವಳೇ ಒಳ್ಳೆಯವಳು.

ಅದೇ ವಾರ ಮಗಳು ಕಲಿಕೆಯ ಭಾಗವಾಗಿ ದೂರದ ಒಂದು ಫಾರ್ಮಿಗೆ ಐದು ದಿನಕ್ಕೆ ಹೋದಳು. ಹೋಗುವಾಗ ನನ್ನನ್ನು ಕರೆದು ಹಾವಿನ ಕಣ್ಣು ತೋರಿಸಿದಳು. ಹಾಲಿನ ಪೊರೆ ಬಂದ ಹಾಗೆ ಮಂಜಾಗಿತ್ತು. ಪೊರೆ ಬಿಡುವ ಸಮಯ ಇದು, ಈಗ ಹೆಚ್ಚು ಹೊತ್ತು ನೀರಿನಲ್ಲೇ ಬಿದ್ದಿರುತ್ತದೆ, ನೀರು ಕೆಟ್ಟರೆ ಚರ್ಮಕ್ಕೂ ಕಣ್ಣಿಗೂ ತೊಂದರೆ ಅಂತ ಇಂಗ್ಲಿಷಿನಲ್ಲಿ ವಿವರಿಸಿದಳು. ಆಮೇಲೆ ಕನ್ನಡದಲ್ಲಿ, "ನಿನ್ನನ್ನು ನಂಬಿ ಹೋಗ್ತಾ ಇದ್ದೇನೆ ಅಮ್ಮ" ಅಂದಳು. ಆ ಮಾತಿಗೆ ನಾನು ಎರಡು ದಿನ ಹೂವಿನ ಮೇಲೆ ನಡೆದೆ.

ಅವಳು ಹೋದ ನಾಲ್ಕನೇ ದಿನ ನಾಗರಪಂಚಮಿ.

ಇಲ್ಲಿ ನನ್ನ ಹಳೆಯ ಗಾಯವೊಂದನ್ನು ಹೇಳಬೇಕು. ಚಿಕ್ಕಂದಿನಲ್ಲಿ ಪಂಚಮಿಗೆ ಬನಕ್ಕೆ ಹೊರಟಾಗ ಹಾಲಿನ ತಂಬಿಗೆ ಯಾವಾಗಲೂ ಅಕ್ಕನ ಕೈಗೆ. ನನ್ನ ಕೈಗೆ ಖಾಲಿ ಬುಟ್ಟಿ. ಒಂದು ಸಲ, ಒಂದೇ ಒಂದು ಸಲ, ನಾನು ದಾರಿಯಲ್ಲಿ ಎಡವಿ ಹಾಲು ಚೆಲ್ಲಿದ್ದೆ. ಅಷ್ಟಕ್ಕೆ ಮುಂದಿನ ಎಲ್ಲ ವರ್ಷ ಅಮ್ಮ, "ನಿನ್ನ ಕೈ ಸಮ ಇಲ್ಲ, ಅವಳು ಹಿಡೀಲಿ" ಅಂದಳು. ಐವತ್ತು ದಾಟಿದರೂ ನನಗೆ ಅದು ಮರೆತಿಲ್ಲ.

ಪಂಚಮಿಯ ಬೆಳಿಗ್ಗೆ ಅಕ್ಕ ಹೇಳಿದಳು, "ಒಂದು ಲೋಟ ಹಾಲು ಹಿಂದೆ ಲಿಂಬೆ ಗಿಡದ ಬುಡಕ್ಕೆ ಹಾಕಿ ಕೈ ಮುಗಿ. ಬಟ್ಟಲಿಗೆ ಮಾತ್ರ ಹಾಕ್ಬೇಡ ಮಾರಾಯ್ತಿ. ಮೊದಲನೇ ವರ್ಷ ನಾನೂ ಹಾಕುವ ಅಂತ ಹೊರಟಿದ್ದೆ. ಹಾವು ಹಾಲು ಕುಡಿಯುದಿಲ್ಲವಂತೆ, ಕುಡಿದ್ರೂ ದಕ್ಕುದಿಲ್ಲವಂತೆ, ಮಗಳು ಹೇಳಿದ್ಳು."

ಮಗಳು ಹೇಳಿದ್ಳು! ಯಾರ ಮಗಳು? ನನಗೆ ಹೇಳದೆ ಇವಳಿಗೆ ಯಾಕೆ ಹೇಳಿದ್ದು? ತನು ಎರೆಯಲಿಕ್ಕೆ ಜೀವ ಇರುವ ಹಾವು ಪಕ್ಕದ ರೂಮಿನಲ್ಲೇ ಇರುವಾಗ ಲಿಂಬೆ ಗಿಡಕ್ಕೆ ಹಾಕುವುದು ಯಾವ ಭಕ್ತಿ? ಈಗ ಅನ್ನಿಸುತ್ತದೆ, ಅವಳು ಬೇಡ ಅನ್ನದಿದ್ದರೆ ನಾನು ಹಾಕುತ್ತಲೂ ಇರಲಿಲ್ಲ.

ಅಕ್ಕ ನೋವಿನ ಮಾತ್ರೆ ನುಂಗಿ ಮಧ್ಯಾಹ್ನ ಮಲಗಿದಳು. ನಾನು ಇಂಡಿಯನ್ ಅಂಗಡಿಯಿಂದ ಸೀಯಾಳ ತಂದೆ. ಮತ್ತೊಮ್ಮೆ ಮಿಂದೆ. ಬಟ್ಟಲು ತಿಕ್ಕಿ ತೊಳೆದು, ಅರ್ಧ ಹಾಲು, ಅರ್ಧ ಸೀಯಾಳದ ನೀರು, ಮೇಲಿಂದ ಸಿಡ್ನಿಯಿಂದ ತಂದ ಡಬ್ಬಿಯ ಅರಸಿನ ಒಂದು ಚಮಚ. ಅರಸಿನ ಇದ್ದರೆ ಕ್ರಿಮಿ ಹತ್ತುವುದಿಲ್ಲ ಅನ್ನುವುದು ನನ್ನ ಲೆಕ್ಕ. ಹದಿಮೂರು ವರ್ಷ ಕ್ರಿಮಿಯ ಜೊತೆಗೇ ಕೆಲಸ ಮಾಡಿದ ನನ್ನ ಬುದ್ಧಿ ಆ ಹೊತ್ತಿಗೆ ಎಲ್ಲಿ ಮಣ್ಣು ತಿನ್ನಲು ಹೋಗಿತ್ತೋ! ಬಟ್ಟಲನ್ನು ಒಳಗಿಟ್ಟು ಕೈ ಮುಗಿದೆ. ಹಾವು ಮೆಲ್ಲ ಬಂತು, ನಾಲಗೆ ಚಾಚಿ ನೋಡಿತು, ಕುಡಿಯಲಿಲ್ಲ. ಆದರೆ ಒಳಗೆ ಇಳಿದು ಸುರುಳಿ ಸುತ್ತಿ ಕೂತಿತು. ನನಗೆ ಕಣ್ಣಲ್ಲಿ ನೀರು ಬಂತು. ಒಂದು ಹನಿ ಚೆಲ್ಲದೆ ಎರೆದಿದ್ದೆ.

ಒಂದು ಗಂಟೆ ಬಿಟ್ಟು ತೆಗೆಯುವ ಅಂತ ಹೋದರೆ ಹಾವು ಎದ್ದೇ ಇಲ್ಲ. ಸಂಜೆ ಹೋದೆ, ಹಾಗೇ ಇದೆ. ಅಯ್ಯೋ, ಅದನ್ನು ಎತ್ತುವುದು ಹೇಗೆ? ನೀರು ಇಡಬಲ್ಲೆ, ಹಾವು ಮುಟ್ಟಲಾರೆ. ಮಗಳು ಎತ್ತುತ್ತಾಳೆ. ಅಕ್ಕನೂ ಎಡಗೈಯಿಂದಾದರೂ ಎತ್ತುತ್ತಿದ್ದಳು, ಕರೆದರೆ ಸಾಕಿತ್ತು. ಕರೆಯಲಿಲ್ಲ. ಕರೆದರೆ ಬಟ್ಟಲು ನೋಡುತ್ತಾಳೆ. ಅಡಿಗೆಮನೆಯಿಂದ ಅವಳು, "ನೀರು ಸಮ ಉಂಟಾ?" ಅಂತ ಕೇಳಿದಾಗ "ಹ್ಞೂಂ" ಅಂದೆ. ಮರುದಿನ ಬೆಳಿಗ್ಗೆಯೂ ಹಾವು ಬಟ್ಟಲಿನಲ್ಲೇ, ನನ್ನದೂ ಅದೇ ಸುಳ್ಳು. ಬಲ್ಬಿನ ಶಾಖಕ್ಕೆ ಹಾಲು ಒಡೆದು ಮೊಸರಿನ ಗಡ್ಡೆಯಾಗಿತ್ತು. ಹುಳಿ ವಾಸನೆಗೆ ಕಿಟಕಿ ತೆರೆದಿಟ್ಟು ರೂಮಿನ ಬಾಗಿಲು ಎಳೆದುಕೊಂಡೆ.

ಮಧ್ಯಾಹ್ನ ಮಗಳು ಬಂದಳು. ಬ್ಯಾಗು ಇಳಿಸಿ ನೇರ ರೂಮಿಗೆ ಹೋದಳು. ಪೆಟ್ಟಿಗೆಯ ಮುಚ್ಚಳ ತೆರೆದಳು. ಆಮೇಲೆ "ಓ ಮೈ ಗಾಡ್" ಅಂತ ಕಿರುಚಿದ್ದು ಭಾವನಿಗೆ ಅಂಗಳದಲ್ಲಿ ಕೇಳಿಸಿತಂತೆ. ಪೊರೆ ಅರ್ಧ ಬಿಟ್ಟು ತುಂಡು ತುಂಡಾಗಿ ಮೈಗೆ ಅಂಟಿಕೊಂಡಿತ್ತು. ಮೈಮೇಲೆಲ್ಲ ಒಡೆದ ಹಾಲು. ಅವಳು ಹಾವನ್ನು ಎರಡೂ ಕೈಯಲ್ಲಿ ಎತ್ತಿ ಉಗುರುಬಿಸಿ ನೀರಿಗೆ ಬಿಟ್ಟು ಒರೆಸಿದಳು. ಒಂದು ಕಣ್ಣಿನ ಪೊರೆ ಕಳಚದೆ ಉಳಿದಿತ್ತು.

"ಯಾರು ಮಾಡಿದ್ದು ಇದು?" ಅಂತ ಕೇಳಿದಳು.

ಅಕ್ಕ ಆಗ ತಾನೇ ಬಾಗಿಲಿಗೆ ಬಂದು ನಿಂತಿದ್ದಳು. ನಾನು ಅವಳ ಮುಖ ನೋಡಲಿಲ್ಲ. "ದೊಡ್ಡಮ್ಮನೇ ಹೇಳಿದ್ದು, ಪಂಚಮಿ ಅಲ್ವಾ, ಹಾಕು ಅಂತ" ಅಂದುಬಿಟ್ಟೆ. ಹೇಳುವ ಹೊತ್ತಿಗೆ ನಾಲಗೆ ತಡವರಿಸಲೂ ಇಲ್ಲ.

ಅಕ್ಕ ಒಮ್ಮೆ ಬಟ್ಟಲು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. "ಹೌದು ಮಗಾ, ನಾನೇ ಹೇಳಿದ್ದು" ಅಂದಳು.

ಮಗಳು ಬಟ್ಟಲನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಿಟ್ಟು, "ಇನ್ನು ಮೇಲೆ ಯಾರೂ ನೀರು ಮುಟ್ಟುದು ಬೇಡ. ದೊಡ್ಡಮ್ಮ, ನೀವೂ ಬೇಡ. ನಾನೇ ಮಾಡ್ತೇನೆ" ಅಂದಳು.

ನಾನು ಬಯಸಿದ್ದು ಅದೇ ಅಲ್ಲವೇ? ಅಕ್ಕನ ಕೈಯಿಂದ ಬಟ್ಟಲು ಹೋಯಿತು. ರಾತ್ರಿ ಊಟ ರುಚಿಯಾಗಿಯೇ ಸೇರಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ಬೆಳಿಗ್ಗೆ ನಾನು ಅಡಿಗೆಮನೆಯಲ್ಲಿದ್ದೆ. ಅಕ್ಕ ಪ್ಲಾಸ್ಟರಿಗೆ ಚೀಲ ಕಟ್ಟಿಕೊಂಡು ಮಿಂದು ಬಂದಳು. ಅಭ್ಯಾಸಬಲದಿಂದ ನೇರ ಮಗಳ ರೂಮಿನ ಬಾಗಿಲಿಗೆ ಹೋಗಿ ನಿಂತಳು. ಒಳಗೆ ಮಗಳು ಬೇರೊಂದು ಪಾತ್ರೆಯಲ್ಲಿ ನೀರಿಟ್ಟು ಆಗಿತ್ತು. ಅಕ್ಕ ಒದ್ದೆ ತಲೆಯಲ್ಲಿ ಅಲ್ಲೇ ಸ್ವಲ್ಪ ಹೊತ್ತು ನಿಂತು, ತಿರುಗಿ ಬಂದು, ಯಾವ ಪಾತ್ರೆಯನ್ನು ಎತ್ತಬೇಕೆಂದು ಗೊತ್ತಾಗದೆ ಸ್ಟೌವಿನ ಎದುರು ನಿಂತಳು. "ಕಾಫಿ ಮಾಡುವನಾ?" ಅಂತ ಕೇಳಿದಳು. ಕಾಫಿ ನಾನು ಆಗಲೇ ಮಾಡಿ ಅವಳ ಎದುರಿಗೇ ಇಟ್ಟಿದ್ದೆ.

ನಾನು ಲೋಟವನ್ನು ಅವಳ ಎಡಗೈಯ ಹತ್ತಿರ ಸರಿಸಿದೆ. "ಯಾಕೆ ಹೌದು ಅಂದಿ?" ಅಂತ ಕೇಳಿದೆ.

"ನನ್ನ ಮೇಲೆ ಸಿಟ್ಟು ಬಂದ್ರೆ ಎರಡು ದಿನದಲ್ಲಿ ಹೋಗ್ತದೆ, ಒಂದೇ ಮನೆಯಲ್ಲಿದ್ದೇವಲ್ಲ" ಅಂದಳು ಅಕ್ಕ. "ನಿನ್ನ ಮೇಲೆ ಬಂದ್ರೆ ಅವಳು ಸಿಡ್ನಿಗೆ ಬರುದೇ ಇಲ್ಲ. ಅವಳು ಬರ್ಬೇಕು ಅಂತ ನೀನು ಎಷ್ಟು ಆಸೆ ಮಾಡಿದ್ದಿ, ನಂಗೆ ಗೊತ್ತಿಲ್ವಾ?"

ಇದಕ್ಕಿಂತ ಅವಳು ನನಗೆ ಎರಡು ಬಾರಿಸಿದ್ದರೆ ಸಹಿಸುತ್ತಿದ್ದೆ. ನೋಡಿ, ಒಳ್ಳೆಯತನದಲ್ಲೂ ತಂಬಿಗೆ ಅವಳ ಕೈಗೇ. ನನ್ನ ಕೈಗೆ ಮತ್ತೆ ಖಾಲಿ ಬುಟ್ಟಿ. ನಾಚಿಕೆ ಎಷ್ಟಾಯಿತೋ ಹೊಟ್ಟೆಕಿಚ್ಚೂ ಅಷ್ಟೇ ಆಯಿತು. ಯಾವುದು ನನ್ನನ್ನು ದಬ್ಬಿತೋ ಗೊತ್ತಿಲ್ಲ, ಬಟ್ಟೆ ಒಗೆಯುವ ಕೋಣೆಯಲ್ಲಿ ಹಳದಿ ಹಿಡಿದ ಬಟ್ಟಲು ತೊಳೆಯುತ್ತಿದ್ದ ಮಗಳ ಎದುರು ಹೋಗಿ ನಿಂತು, "ದೊಡ್ಡಮ್ಮ ಹೇಳಿದ್ದಲ್ಲ. ಅವಳು ಬೇಡ ಅಂದಿದ್ಳು. ನಾನೇ ಹಾಕಿದ್ದು" ಅಂದೆ.

ಅವಳು ಬಟ್ಟಲಿನಿಂದ ಮುಖ ಎತ್ತಲಿಲ್ಲ. "ಐ ನೋ, ಅಮ್ಮ" ಅಂದಳು.

"ಹೇಗೆ?"

"ಅರಸಿನ" ಅಂದಳು. ಆಮೇಲೆ ಕಟ್ಟೆ ಒಡೆಯಿತು. "ನಾನು ಸೆಕೆಂಡ್ ಕ್ಲಾಸಲ್ಲಿ ಸ್ಕೂಟರಿಂದ ಬಿದ್ದಾಗ ನೀನು ಎಂತ ಹಾಕಿದ್ದು? ಇಡೀ ಕ್ಲಾಸು ನನ್ನ ಹಳದಿ ಮೊಣಕಾಲು ನೋಡಿ ನಗಾಡಿತ್ತು. ಶೀತಕ್ಕೆ ಅರಸಿನ, ಮೊಡವೆಗೆ ಅರಸಿನ, ಹೊಸ ಶೂ ಕಚ್ಚಿದ್ರೆ ಅರಸಿನ. ದೊಡ್ಡಮ್ಮ ಸಾಂಬಾರಿಗೆ ಬಿಟ್ರೆ ಎಲ್ಲಿಗೂ ಹಾಕುದಿಲ್ಲ. ಬಟ್ಟಲು ನೋಡಿದ ಕೂಡ್ಲೇ ಗೊತ್ತಾಯ್ತು ಇದು ನನ್ನ ಅಮ್ಮನದ್ದೇ ಕೆಲಸ ಅಂತ. ಅವರು ನಿಂಗೋಸ್ಕರ ಸುಳ್ಳು ಹೇಳಿದ್ರಲ್ಲ, ನೀನು ಎಷ್ಟು ಹೊತ್ತು ಅದನ್ನು ಅವರ ತಲೆ ಮೇಲೆ ಇಟ್ಟು ಕೂತ್ಕೊಳ್ತಿ ಅಂತ ನೋಡ್ತಾ ಇದ್ದೆ!"

ಬೈಗುಳ ಅದು, ಒಪ್ಪುತ್ತೇನೆ. ಆದರೆ ಎಷ್ಟೋ ವರ್ಷದ ಮೇಲೆ ಅವಳು ನನ್ನ ಹತ್ತಿರ ಅಷ್ಟು ಉದ್ದ ಕನ್ನಡದಲ್ಲಿ ಮಾತಾಡಿದ್ದಳು. ನಾನು ತಲೆ ತಗ್ಗಿಸಿಕೊಂಡು ಪ್ರತಿಯೊಂದು ಶಬ್ದವನ್ನೂ ಕೇಳಿಸಿಕೊಂಡೆ. ಮುಗಿದ ಮೇಲೆ ಅವಳು ಬಟ್ಟಲನ್ನೂ ಬ್ರಷ್ಷನ್ನೂ ನನ್ನ ಕೈಗೆ ಕೊಟ್ಟು, "ತಿಕ್ಕು" ಅಂದಳು. ತಿಕ್ಕಿದೆ. ಲಿಂಬೆ ಹಾಕಿ ತಿಕ್ಕಿದೆ, ಸೋಡಾ ಹಾಕಿ ತಿಕ್ಕಿದೆ. ಬಿಳಿ ಬಟ್ಟಲಿನ ಒಳಗೆ ಸುತ್ತಲೂ ಹಿಡಿದ ಹಳದಿ ಕಲೆ ಹೋಗಲಿಲ್ಲ. ಮರುದಿನದಿಂದ ನೀರಿನ ಕೆಲಸ ಮತ್ತೆ ಅಕ್ಕನಿಗೆ ಸಿಕ್ಕಿತು, ಎಡಗೈಯಲ್ಲೇ.

ಆಗಸ್ಟ್ ಮುಗಿಯುವ ಮೊದಲು ಮಗಳ ಫೋನು ಬಂತು. ವೆರಿಬೀಯ ಕೆಲಸವನ್ನೇ ಒಪ್ಪಿಕೊಂಡಿದ್ದಳು. ಅಲ್ಲಿ ಹಾವು, ಗಿಳಿ, ಆಮೆಗಳನ್ನೆಲ್ಲ ನೋಡುತ್ತಾರಂತೆ, ರೌಸ್ ಹಿಲ್‌ನಲ್ಲಿ ಬರೀ ನಾಯಿ, ಬೆಕ್ಕು. "ದೊಡ್ಡಮ್ಮನಿಗೋಸ್ಕರ ಅಲ್ಲ, ಬೇಜಾರ್ ಮಾಡ್ಬೇಡ ಅಮ್ಮ" ಅಂದಳು. ನಾನು ಅರ್ಧ ನಂಬಿದೆ. ಇಸ್ತ್ರಿ ಮಾಡಿದ ಪರದೆಯ ಎದುರು ಕೂತು ಮನಸಾರೆ ಅತ್ತೆ, ಅಕ್ಕನನ್ನು ಗಂಡನ ಎದುರು ಬಾಯಿಗೆ ಬಂದ ಹಾಗೆ ಬೈದೆ.

ಹಾವಿನ ಕಣ್ಣಿನ ಪೊರೆ ಮುಂದಿನ ಸಲ ತಾನಾಗಿ ಕಳಚಿತು. ಬಟ್ಟಲು ಹೊಸದು ಕೊಂಡಿರಾ ಅಂತ ಮಗಳನ್ನು ಕೇಳಿದೆ. "ಇಲ್ಲ, ಅದೇ ಉಂಟು. ಕ್ಲೀನ್ ಉಂಟು, ಕಲರ್ ಮಾತ್ರ ಹೋಗುದಿಲ್ಲ. ದೊಡ್ಡಮ್ಮ ದಿನಾ ತಿಕ್ತಾರೆ" ಅಂದಳು.

ಈಗ ಭಾನುವಾರ ಅಕ್ಕನಿಗೆ ಫೋನು ಮಾಡಿದಾಗ, ಅವಳ ಕೈ ಹೇಗಿದೆ ಅಂತ ಕೇಳಿದ ಮೇಲೆ, ಏನೂ ಗೊತ್ತಿಲ್ಲದವಳ ಹಾಗೆ ಕೇಳುತ್ತೇನೆ, "ಬಟ್ಟಲಿನ ಕಲೆ ಹೋಯ್ತಾ?" ಅಂತ.

"ಎಲ್ಲಿ ಹೋಗ್ತದೆ ಮಾರಾಯ್ತಿ! ದಿನಾ ಬೆಳಿಗ್ಗೆ ತಿಕ್ಕಿ ತಿಕ್ಕಿ ಸಾಕಾಯ್ತು" ಅನ್ನುತ್ತಾಳೆ.

ದಿನಾ ಬೆಳಿಗ್ಗೆ, ಮಿಂದು, ಕಾಫಿಗಿಂತ ಮೊದಲು, ನನ್ನ ಮಗಳ ರೂಮಿನಲ್ಲಿ ಅಕ್ಕ ತಿಕ್ಕುವುದು ನನ್ನ ಅರಸಿನವನ್ನು. ಆ ವಾರಕ್ಕೆ ನನಗೆ ಅಷ್ಟು ಸಾಕು.